ತಿರುಗಬೇಕಾದವನು

ಹೊಳೆಯೊಂದು ಕಡಲು ಸೇರುವ ಕಡೆ, ಅಳಿವೆಯಿಂದ ಸ್ವಲ್ಪ ಒಳಗೆ, ಒಂದು ಕುದ್ರು ಇತ್ತು. ಕುದ್ರು ಎಂದರೆ ಹೊಳೆಯ ನಡುವಿನ ನಡುಗಡ್ಡೆ. ಅಲ್ಲಿ ಹತ್ತು ಹನ್ನೆರಡು ಮನೆಗಳು, ಒಂದು ಚಿಕ್ಕ ಆಶ್ರಮ.

ಕುದ್ರುವಿನ ಬಾವಿ ನೀರು ಉಪ್ಪು. ಕುಡಿಯುವ ನೀರು ಆಚೆ ದಡದಿಂದ ದೋಣಿಯಲ್ಲಿ ಬರಬೇಕು. ಜನ ಹೋಗಿಬರುವುದೂ ಅದೇ ದೋಣಿಯಲ್ಲಿ. ದೋಣಿ ಆಶ್ರಮದ್ದು. ಅದಕ್ಕೆ ಯಂತ್ರವಿರಲಿಲ್ಲ, ಒಂದು ಹಾಯಿ ಇತ್ತು. ನಡೆಸುತ್ತಿದ್ದವರು ದೂಮಯ್ಯ ಗುರುಗಳು.

ಗುರುಗಳಿಗೆ ಎಪ್ಪತ್ತು ದಾಟಿತ್ತು. ಬಲಭುಜ ಮೇಲೆ ಏಳುತ್ತಿರಲಿಲ್ಲ. ಇನ್ನೊಬ್ಬ ನಡೆಸುವವನು ಸಿಗದಿದ್ದರೆ ದೋಣಿ ನಿಂತುಹೋಗುತ್ತದೆ ಎಂಬುದು ಕುದ್ರುವಿನಲ್ಲಿ ಎಲ್ಲರಿಗೂ ಗೊತ್ತಿತ್ತು. ಗುರುಗಳಿಗೂ ಗೊತ್ತಿತ್ತು.

ಚಿದಂಬರ ಅಲ್ಲಿಗೆ ಬಂದದ್ದು ದೋಣಿ ಕಲಿಯುವುದಕ್ಕಲ್ಲ. ಒಂದು ಪ್ರಶ್ನೆ ಕೇಳುವುದಕ್ಕೆ.

ಅವನು ಒಂಬತ್ತು ವರ್ಷ ಬಸ್ಸು ಓಡಿಸಿದವನು. ಅವನ ದಾರಿಯಲ್ಲಿ ಒಂದು ಹಳೆಯ ಸೇತುವೆ ಇತ್ತು. ಒಂದು ಗಾಡಿ ಹೋಗುವಷ್ಟೇ ಅಗಲ. ಮೊದಲು ಸೇತುವೆ ಏರಿದವನಿಗೆ ದಾರಿ, ಎದುರಿನವನು ಕಾಯಬೇಕು. ಅದು ಅಲ್ಲಿಯ ನಿಯಮ. ಒಂದು ದಿನ ಚಿದಂಬರ ಮೊದಲು ಏರಿದ್ದ. ಎದುರಿನಿಂದ ಲಾರಿಯೊಂದು ನಿಲ್ಲದೆ ಬಂತು. ಬಾಗಿಲ ಮೆಟ್ಟಿಲ ಮೇಲೆ ನಿಂತಿದ್ದ ಕಂಡಕ್ಟರ್ ಮೋನಪ್ಪ ಸತ್ತುಹೋದ.

"ಕೋರ್ಟಿನಲ್ಲಿ ತೀರ್ಮಾನವಾಯಿತು, ಗುರುಗಳೇ. ತಪ್ಪು ಲಾರಿಯವನದು. ದಾರಿ ನನ್ನದಾಗಿತ್ತು." ಚಿದಂಬರ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಕಾಗದವನ್ನು ತೆಗೆದು ಕೊಟ್ಟ. "ನನ್ನ ತಪ್ಪು ಏನೂ ಇಲ್ಲ ಎಂದು ಇದರಲ್ಲಿ ಬರೆದಿದೆ. ಮೂರು ವರ್ಷವಾಯಿತು. ಆದರೂ ನನಗೆ ಸ್ಟೀರಿಂಗ್ ಹಿಡಿಯಲು ಆಗುತ್ತಿಲ್ಲ. ಯಾಕೆ?"

ಗುರುಗಳು ಕಾಗದವನ್ನು ಬಿಡಿಸಲೇ ಇಲ್ಲ.

"ಈಜು ಬರುತ್ತದೆಯೇ?" ಎಂದು ಕೇಳಿದರು.

"ಇಲ್ಲ."

"ಮೊದಲು ಅದನ್ನು ಕಲಿ. ಕಾಗದ ಒಳಗಿಡು, ಇಲ್ಲಿ ಎಲ್ಲವೂ ಒದ್ದೆಯಾಗುತ್ತದೆ."

ಅವನು ಈಜು ಕಲಿತ. ಆಮೇಲೆ ಹಾಯಿ ಕಟ್ಟುವುದು, ಬಿಚ್ಚುವುದು, ಚುಕ್ಕಾಣಿ ಹಿಡಿಯುವುದು. ಒಂದು ವರ್ಷ ಹೀಗೆ ಹೋಯಿತು. ಮಧ್ಯಾಹ್ನ ಪಡುವಣ ಗಾಳಿ ಎದ್ದ ಮೇಲೆ ಆಚೆ ದಡದಿಂದ ಎರಡು ಡ್ರಮ್ ನೀರು ತರುವ ಕೆಲಸ ಅವನ ಪಾಲಿಗೆ ಬಂತು. ಗುರುಗಳು ಜೊತೆಗೆ ಬರುತ್ತಿದ್ದರು. ದೋಣಿಯ ಮೂತಿಯ ಕಡೆಗೆ ಬೆನ್ನು ಹಾಕಿ, ಚಿದಂಬರನ ಕಡೆಗೆ ಮುಖ ಮಾಡಿ ಕೂರುತ್ತಿದ್ದರು. ಎದುರಿನಿಂದ ಏನು ಬರುತ್ತಿದೆ ಎಂಬುದು ಅವರಿಗೆ ಕಾಣುತ್ತಿರಲಿಲ್ಲ. ಕಾಣುತ್ತಿದ್ದದ್ದು ಅವನ ಮುಖ ಮಾತ್ರ.

"ಜನರನ್ನು ಯಾವಾಗ ಹತ್ತಿಸಿಕೊಳ್ಳಲಿ, ಗುರುಗಳೇ?"

"ಇನ್ನೂ ಇಲ್ಲ."

ಜನರನ್ನು ಬೆಳಗ್ಗೆ ಅವರೇ, ಏಳದ ಭುಜದಲ್ಲೇ, ದಾಟಿಸುತ್ತಿದ್ದರು.

ಒಂದು ದಿನ ಗುರುಗಳು ಅವನಿಗೆ ನೀರಿನ ನಿಯಮ ಹೇಳಿದರು. ಮುಂದೆ ನಡೆಯುವುದೆಲ್ಲ ಇದರ ಮೇಲೇ ನಿಂತಿರುವುದರಿಂದ ಇದನ್ನು ಸರಿಯಾಗಿ ಹೇಳಿಬಿಡಬೇಕು.

ಯಂತ್ರದ ದೋಣಿ ಹಾಯಿದೋಣಿಗೆ ದಾರಿ ಬಿಡಬೇಕು. ಏಕೆಂದರೆ ಯಂತ್ರದವನು ಬೇಕಾದ ಕಡೆ ತಿರುಗಬಲ್ಲ, ಬೇಕೆಂದಾಗ ನಿಲ್ಲಬಲ್ಲ. ಹಾಯಿಯವನು ಗಾಳಿ ಕೊಟ್ಟಷ್ಟರಲ್ಲೇ ಹೋಗಬೇಕು. ಇದಕ್ಕೂ ಹೊರತಾದದ್ದು ಉಂಟು. ಯಂತ್ರದ ದೋಣಿ ಬಲೆ ಎಳೆಯುತ್ತಿದ್ದರೆ ಹಾಯಿಯವನೇ ದೂರ ಸರಿಯಬೇಕು. ಹಿಂದಿನಿಂದ ಬಂದು ದಾಟುವವನು ಯಾರೇ ಆಗಿರಲಿ, ತಾನೇ ಸುತ್ತಿ ಹೋಗಬೇಕು. ಉಳಿದಂತೆ, ತಿರುಗಬೇಕಾದವನು ಯಂತ್ರದವನು.

ಚಿದಂಬರನ ಮುಖ ಅರಳಿತು. ಬಹಳ ದಿನದ ಮೇಲೆ ಅವನಿಗೆ ಪರಿಚಯದ ಮಾತೊಂದು ಕಿವಿಗೆ ಬಿದ್ದಿತ್ತು.

"ಹಾಗಾದರೆ ದಾರಿ ನಮ್ಮದು!"

"ನಮ್ಮದು ಎಂದು ನಾನು ಹೇಳಲಿಲ್ಲ," ಎಂದರು ಗುರುಗಳು. "ಅವನು ತಿರುಗಬೇಕು ಎಂದೆ, ಅಷ್ಟೇ."

"ಅವನು ತಿರುಗದೇ ಇದ್ದರೆ?"

"ಆ ಪ್ರಶ್ನೆಯನ್ನು ದಡದಲ್ಲಿ ಕುಳಿತು ಕೇಳಬೇಡ."

ಮಾರನೆಯ ದಿನ ನೀರು ತುಂಬಿಕೊಂಡು ಬರುವಾಗ ಬಲಗಡೆಯಿಂದ, ಅಳಿವೆಯ ಕಡೆಯಿಂದ, ಯಂತ್ರದ ದೋಣಿಯೊಂದು ಬಂತು. ಅದು ಶೀನ ಖಾರ್ವಿಯ ಮೀನಿನ ದೋಣಿ. ಹೊಳೆಯಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿರಲಿಲ್ಲ.

ಅದನ್ನು ಕಂಡೊಡನೆ ಚಿದಂಬರನ ಎದೆ ಹಾರಿತು. ಸೇತುವೆ ನೆನಪಾಯಿತು. ಆಶ್ರಮದಲ್ಲಿ ದಿನವೂ ಕೇಳುತ್ತಿದ್ದ ವಿನಯದ ಪಾಠವೂ ನೆನಪಾಯಿತು. ತಾನೇ ತಗ್ಗಿದರಾಯಿತು ಎಂದುಕೊಂಡು, ಬಂದ ದಡದ ಕಡೆಗೇ ದೋಣಿಯನ್ನು ತಿರುಗಿಸಿಬಿಟ್ಟ.

ಶೀನನೋ ನಿಯಮದ ಮನುಷ್ಯ. ಹಾಯಿದೋಣಿಯನ್ನು ಮುಂದೆ ಹೋಗಲು ಬಿಟ್ಟು, ಅದರ ಹಿಂದಿನಿಂದ ದಾಟೋಣ ಎಂದು ಆಗಲೇ ದಡದ ಕಡೆಗೆ ತಿರುಗಿಸಿಯಾಗಿತ್ತು. ಈಗ ಎರಡೂ ದೋಣಿ ಒಂದೇ ಜಾಗಕ್ಕೆ ನುಗ್ಗಿದವು.

ಶೀನ ಯಂತ್ರವನ್ನು ಹಿಂದಕ್ಕೆ ಕೊಟ್ಟ. ನೀರು ಕೆಸರಾಗಿ ಮೇಲೆದ್ದಿತು. ಹಾಯಿದೋಣಿ ವಾಲಿತು. ಒಂದು ಡ್ರಮ್ ಉರುಳಿ ಹೊಳೆಗೆ ಬಿತ್ತು. ಎರಡು ದೋಣಿಗಳ ನಡುವೆ ಉಳಿದದ್ದು ಒಂದು ಗೇಣು.

"ಹ್ವಾಯ್, ಸನ್ಯಾಸಿಗಳೇ!" ಶೀನ ಮೇಲಿನಿಂದ ಕೂಗಿದ. "ಸಾಯುಕೆ ಬೇರೆ ಜಾಗ ಸಿಕ್ಕಲಿಲ್ಯಾ? ನಾನ್ ನಿಮ್ಮ ಹಿಂದಿಂದ ಹೋಪುಕೆ ತಿರ್ಗ್ಸಿದ್ರೆ, ನೀವೂ ಹಿಂದೆ ಬಪ್ದಾ? ನೆಟ್ಟಗೆ ಹೋಯ್ನಿ ಮಾರ್ರೆ!"

ಕುದ್ರುವಿನ ಕಟ್ಟೆಯಲ್ಲಿ ಕೊಡ ಹಿಡಿದು ಕಾಯುತ್ತಿದ್ದ ಚಂದಕ್ಕ ಒಂದೇ ಡ್ರಮ್ ನೋಡಿ, "ಇನ್ನೊಂದನ್ನ ಮೀನಿಗೆ ಕುಡಿಸಿ ಬಂದ್ರಾ?" ಎಂದಳು.

ಚಿದಂಬರ ತಲೆ ತಗ್ಗಿಸಿದ. "ನಾನು ತಗ್ಗಿ ನಡೆದೆ, ಗುರುಗಳೇ. ಅದೂ ತಪ್ಪೇ?"

ಸಂಜೆ ಗಂಜಿಯ ಹೊತ್ತಿಗೆ ಗುರುಗಳು, ಅಡುಗೆಮನೆಯಿಂದ ಬರುವ ಇಕ್ಕಟ್ಟಿನ ಕಾಲುದಾರಿಯಲ್ಲಿ, ಎರಡು ಕೈಯಲ್ಲಿ ಬಿಸಿ ಗಂಜಿಯ ಪಾತ್ರೆ ಹಿಡಿದು ಅವನ ಎದುರಿಗೆ ಬಂದರು.

ಚಿದಂಬರ ಎಡಕ್ಕೆ ಸರಿದ. ಗುರುಗಳೂ ಅದೇ ಬದಿಗೆ ಬಂದರು. ಅವನು ಬಲಕ್ಕೆ ಸರಿದ. ಗುರುಗಳೂ ಆ ಬದಿಗೇ. ಅವನು ಮತ್ತೆ ಎಡಕ್ಕೆ. ಗಂಜಿ ತುಳುಕಿ ಗುರುಗಳ ಕೈಮೇಲೆ ಬಿತ್ತು. ಕೈ ಕೆಂಪಾಯಿತು. ಅವರು ಪಾತ್ರೆ ಬಿಡಲಿಲ್ಲ.

"ಅಯ್ಯೋ, ಕೈ!"

"ಸುಮ್ಮನೆ ನಿನ್ನ ಪಾಡಿಗೆ ನಡೆ," ಎಂದರು ಗುರುಗಳು.

ಅವನು ನೇರವಾಗಿ ನಡೆದ. ಗುರುಗಳು ಅರ್ಧ ಹೆಜ್ಜೆ ಸರಿದು ಅವನನ್ನು ದಾಟಿ ಹೋದರು. ಒಂದು ಹನಿಯೂ ಚೆಲ್ಲಲಿಲ್ಲ.

ಅಂದಿನಿಂದ ಚಿದಂಬರ ನೇರ ಹೋಗುವುದನ್ನು ಕಲಿತ.

ನೇರ ಹೋಗುವುದು ಹೇಳಿದಷ್ಟು ಸುಲಭವಲ್ಲ. ಅಷ್ಟು ದೊಡ್ಡ ದೋಣಿ ಎದ್ದುಬರುವಾಗ ಕೈ ತಾನಾಗಿಯೇ ಚುಕ್ಕಾಣಿಯನ್ನು ತಳ್ಳಲು ನೋಡುತ್ತದೆ. ಅದನ್ನು ತಡೆದು, ಬಂದ ವೇಗದಲ್ಲೇ, ಹಿಡಿದ ಗುರಿಯಲ್ಲೇ ಹೋಗಬೇಕು. ಆಗ ಮಾತ್ರ ತಿರುಗಬೇಕಾದವನಿಗೆ ಎಲ್ಲಿ ತಿರುಗಬೇಕು ಎಂಬುದು ತಿಳಿಯುತ್ತದೆ.

ಚಿದಂಬರ ಹಲ್ಲು ಕಚ್ಚಿ ಹೋದ. ಶೀನ ದೂರದಲ್ಲೇ ಬಾಗಿಸಿ, ಹಾಯಿದೋಣಿಯ ಹಿಂದಿನಿಂದ ದಾಟಿ, ಕೈ ಎತ್ತಿದ. "ಈಗ ಸಮ ಆಯ್ತ್ ಕಾಣಿ!"

ಹತ್ತು ದಿನ ಹೀಗೇ ಆಯಿತು. ಇಪ್ಪತ್ತು ದಿನವಾಯಿತು. ಹಲ್ಲು ಕಚ್ಚುವುದು ತಪ್ಪಿತು. ಎದೆ ಹಾರುವುದೂ ನಿಂತಿತು. ಅಳಿವೆಯಿಂದ ದೋಣಿ ಬರುವುದು ಕಂಡರೆ ಚಿದಂಬರ ಈಗ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದ. ಅಷ್ಟು ದೊಡ್ಡ ಯಂತ್ರ ತನ್ನ ಒಂದು ತುಂಡು ಬಟ್ಟೆಗೆ ಬಾಗಿ ಹೋಗುತ್ತದಲ್ಲ ಎಂಬುದು ಅವನಿಗೆ ಹಿತವಾಗಿತ್ತು.

ಗುರುಗಳು ಆ ಮುಖವನ್ನೂ ನೋಡುತ್ತಿದ್ದರು.

ಒಂದು ಮಧ್ಯಾಹ್ನ ಅವರು ಹಾಯಿಕಂಬದಿಂದ ದೋಣಿಯ ಅಂಚಿಗೆ ಬಿಗಿದ ಹಗ್ಗವನ್ನು ಮುಟ್ಟಿ ತೋರಿಸಿದರು.

"ಬರುವ ದೋಣಿಯನ್ನು ಈ ಹಗ್ಗಕ್ಕೆ ಹೊಂದಿಸಿ ನೋಡು. ಅದು ಹಗ್ಗದಿಂದ ಮುಂದಕ್ಕೋ ಹಿಂದಕ್ಕೋ ಸರಿಯುತ್ತಾ ಇದ್ದರೆ ಭಯವಿಲ್ಲ. ಹಗ್ಗದಲ್ಲೇ ನಿಂತು, ದೊಡ್ಡದಾಗುತ್ತಾ ಹೋದರೆ, ಅದೂ ನೀನೂ ಒಂದೇ ಜಾಗಕ್ಕೆ ಹೋಗುತ್ತಿದ್ದೀರಿ."

"ನಾನು ಯಾಕೆ ನೋಡಬೇಕು? ನೋಡಬೇಕಾದವನು ಅವನಲ್ಲವೇ?"

ಗುರುಗಳು ಹಗ್ಗವನ್ನು ಬಿಟ್ಟು ತಮ್ಮ ಜಾಗಕ್ಕೆ ಹೋಗಿ ಕುಳಿತರು.

"ಜನರನ್ನು...?"

"ಇನ್ನೂ ಇಲ್ಲ."

ಅದಾಗಿ ಮೂರನೆಯ ದಿನ ಗಾಳಿ ಜೋರಾಗಿತ್ತು. ಎರಡೂ ಡ್ರಮ್ ತುಂಬಿದ್ದವು. ದೋಣಿ ಬಲಗಡೆಯಿಂದ ಗಾಳಿ ಹಿಡಿದು ಚೆನ್ನಾಗಿ ಓಡುತ್ತಿತ್ತು. ಅರ್ಧ ಹೊಳೆ ದಾಟಿದಾಗ ಅಳಿವೆಯ ಬಾಯಲ್ಲಿ ಶೀನನ ದೋಣಿ ಕಂಡಿತು.

ಚಿದಂಬರ ಬೆನ್ನು ನೆಟ್ಟಗೆ ಮಾಡಿದ. ಹಗ್ಗದ ಕಡೆಗೆ ಒಮ್ಮೆ ಕಣ್ಣು ಹಾಯಿಸಿದ. ದೋಣಿ ಹಗ್ಗದ ಮೇಲೇ ಇತ್ತು.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿದ. ಹಗ್ಗದ ಮೇಲೇ ಇತ್ತು. ಮೊದಲಿಗಿಂತ ದೊಡ್ಡದಾಗಿತ್ತು.

ಇಷ್ಟು ಹೊತ್ತಿಗೆ ಶೀನ ಬಾಗಿಸಿರಬೇಕಿತ್ತು.

"ಗುರುಗಳೇ, ಅವನು ತಿರುಗುತ್ತಿಲ್ಲ."

ಗುರುಗಳು ಹಿಂದಿರುಗಿ ನೋಡಲಿಲ್ಲ. ಅವನ ಮುಖವನ್ನೇ ನೋಡುತ್ತಾ, "ಹೌದೇ?" ಎಂದರು.

"ಬಲೆ ಎಳೆಯುತ್ತಿಲ್ಲ. ಹಗ್ಗ, ಬಲೆ ಏನೂ ನೀರಿನಲ್ಲಿಲ್ಲ."

"ಹೌದೇ?"

"ತಿರುಗಬೇಕಾದವನು ಅವನು."

"ಹೌದು."

ಆಶ್ರಮದ ದೋಣಿಯಲ್ಲಿ ಹಾರ್ನ್ ಇರಲಿಲ್ಲ, ಒಂದು ಶಂಖವಿತ್ತು. ಚಿದಂಬರ ಎಡಗೈಯಲ್ಲಿ ಚುಕ್ಕಾಣಿ ಹಿಡಿದು, ಬಲಗೈಯಲ್ಲಿ ಶಂಖ ಎತ್ತಿ ಊದಿದ. ಹೊಳೆಯ ಎರಡೂ ದಡಕ್ಕೆ ಕೇಳಿಸಿತು. ಕುದ್ರುವಿನ ಕಟ್ಟೆಯಲ್ಲಿ ಚಂದಕ್ಕ ಎದ್ದು ನಿಂತಳು.

ಯಂತ್ರದ ದೋಣಿ ತಿರುಗಲಿಲ್ಲ.

ನೂರು ಮಾರು ಇತ್ತು. ಅವನು ಮತ್ತೆ ಊದಿದ. ಈ ಸಲ ಉಸಿರು ಮುಗಿಯುವ ತನಕ ಊದಿದ.

"ಕಿವುಡನೇ ಅವನು? ಕಣ್ಣಿಲ್ಲವೇ? ದಾರಿ ನಮ್ಮದು!"

ಗುರುಗಳು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

ಅರವತ್ತು ಮಾರು. ದೋಣಿಯ ಮೂತಿಗೆ ಬಳಿದಿದ್ದ ಕೆಂಪು ಬಣ್ಣ, ಅದರ ಕೆಳಗೆ ಬಿಳಿಯಾಗಿ ಸೀಳುವ ನೀರು ಕಾಣುತ್ತಿತ್ತು. ಯಂತ್ರದ ಸದ್ದು ಹಲಗೆಗಳಲ್ಲಿ ನಡುಗತೊಡಗಿತು. ಕಟ್ಟೆಯಲ್ಲಿ ಚಂದಕ್ಕ ಎರಡೂ ಕೈ ಬೀಸಿ ಏನೋ ಕೂಗುತ್ತಿದ್ದಳು. ಏನೆಂದು ಗಾಳಿಗೆ ಕೇಳಿಸುತ್ತಿರಲಿಲ್ಲ.

ಚಿದಂಬರ ಮೂರನೆಯ ಸಲ ಶಂಖವನ್ನು ತುಟಿಗೆ ಇಟ್ಟ. ಅವನ ಕೆನ್ನೆ ಉಬ್ಬಿತ್ತು, ಕಣ್ಣು ಕೆಂಪಾಗಿತ್ತು. ಚುಕ್ಕಾಣಿ ಹಿಡಿದ ಕೈ ಕಲ್ಲಾಗಿತ್ತು.

ಗುರುಗಳು ಮುಂದಕ್ಕೆ ಬಾಗಿದರು. ಊದುತ್ತಿದ್ದ ಬಾಯಿಂದ ಶಂಖವನ್ನು ಮೆಲ್ಲಗೆ ತೆಗೆದುಕೊಂಡರು. ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸುಮ್ಮನೆ ಕುಳಿತರು.

ಒಮ್ಮೆಗೇ ಶಂಖದ ಸದ್ದು ನಿಂತಿತು.

ಆಗ ಚಂದಕ್ಕನ ಕೂಗು ಯಂತ್ರದ ಸದ್ದನ್ನೂ ಮೀರಿ ನೀರಿನ ಮೇಲಿಂದ ಬಂತು. "ತಿರ್ಗ್ಸಿ! ತಿರ್ಗ್ಸಿ!"

ಚಿದಂಬರನ ಬಲಗೈ ಬರಿದಾಗಿತ್ತು. ಅವನು ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು ಎಡಕ್ಕೆ ತಳ್ಳಿದ. ದೋಣಿಯ ಮೂತಿ ಬಲಕ್ಕೆ, ಗಾಳಿಗೆ ಎದುರಾಗಿ ಹೊರಳಿತು. ಹಾಯಿ ಗಾಳಿ ಕಳೆದುಕೊಂಡು ಪಟಪಟ ಬಡಿದುಕೊಂಡಿತು. ಡ್ರಮ್ಮುಗಳು ಒಂದಕ್ಕೊಂದು ಗುದ್ದಿದವು. ದೋಣಿ ನಿಂತಿತು.

ಕೆಂಪು ಮೂತಿ ಅವರ ಎಡಬದಿಯಲ್ಲಿ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ, ಗೋಡೆಯ ಹಾಗೆ ಹಾದುಹೋಯಿತು. ಹಾಯುವಾಗ ಚಿದಂಬರ ತಲೆಯೆತ್ತಿ ನೋಡಿದ.

ದೋಣಿ ತಿರುಗಿಸುವ ಚಕ್ರದ ಮುಂದೆ ಯಾರೂ ಇರಲಿಲ್ಲ. ಚಕ್ರವನ್ನು ಅಲುಗಾಡದಂತೆ ಹಗ್ಗದಿಂದ ಬಿಗಿದಿತ್ತು.

ಅವನು ಇಷ್ಟು ಹೊತ್ತು ಕೂಗಿದ್ದು, ಬೈದದ್ದು, ದಾರಿ ಕೇಳಿದ್ದು ಒಂದು ಖಾಲಿ ಜಾಗವನ್ನು.

ಅಲೆ ಬಂದು ಹಾಯಿದೋಣಿಯನ್ನು ಎತ್ತಿ ಇಳಿಸಿತು. ದೂರದಲ್ಲಿ ಯಂತ್ರದ ಸದ್ದು ತಗ್ಗಿತು. ದೊಡ್ಡ ದೋಣಿ ಸುತ್ತು ಹಾಕಿ ಮೆಲ್ಲಗೆ ಹಿಂದೆ ಬಂತು. ಮುಂಗೈಯವರೆಗೆ ಎಣ್ಣೆ ಮೆತ್ತಿಕೊಂಡ ಶೀನ ಅಂಚಿನಲ್ಲಿ ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಯಂತ್ರದ ಕೋಣೆಗೆ ನೀರ್ ನುಗ್ಗಿತ್ತ್ ಮಾರ್ರೆ. ಎಲ್ರೂ ಕೆಳಗೆ ಬಾಲ್ದಿಯಲ್ಲಿ ಹೊರಗೆ ಹಾಕ್ತಿದ್ದಿತ್ತ್. ಒಂದ್ ಗಳಿಗೆ ಅಲ್ದಾ ಅಂದ್ಕಂಡ್ ಚಕ್ರ ಕಟ್ಟಿ ಇಳ್ದೆ." ಅವನು ಕೈಮುಗಿದ. "ನಾನ್ ತಿರ್ಗ್ಸ್ಬೇಕಿತ್ತ್. ತಪ್ಪ್ ನಂದೇ. ಪೂರಾ ನಂದೇ."

ಗುರುಗಳು, "ನೀರು ನಿಂತಿತೇ?" ಎಂದು ಕೇಳಿದರು.

"ನಿಂತಿತ್."

"ಹಾಗಾದರೆ ಮನೆಗೆ ಹೋಗು ಶೀನ. ಚಕ್ರದ ಹತ್ತಿರ ಒಬ್ಬನನ್ನು ನಿಲ್ಲಿಸಿಕೊಂಡು ಹೋಗು."

ದೊಡ್ಡ ದೋಣಿ ಹೋಯಿತು. ಹಾಯಿ ಇನ್ನೂ ಬಡಿದುಕೊಳ್ಳುತ್ತಿತ್ತು. ಚಿದಂಬರ ಅದನ್ನು ಬಿಗಿಯಲಿಲ್ಲ. ದೋಣಿ ತನ್ನಷ್ಟಕ್ಕೆ ತೇಲುತ್ತಿತ್ತು.

"ತಪ್ಪು ತನ್ನದೇ ಎಂದು ಅವನೇ ಹೇಳಿದ," ಎಂದ ಚಿದಂಬರ.

"ಹೇಳಿದ."

"ಆ ಲಾರಿಯವನ ಬಾಯಿಂದ ಈ ಮಾತು ಕೇಳಬೇಕು ಎಂದು ನಾಲ್ಕು ವರ್ಷ ಕಾದೆ. ಕೇಳಿದರೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಈಗ ಇವನ ಬಾಯಿಂದ ಕೇಳಿದೆ."



ಅವನು ಗುರುಗಳ ಮಡಿಲಲ್ಲಿದ್ದ ಶಂಖವನ್ನು ನೋಡುತ್ತಿದ್ದ.

"ಸೇತುವೆಯ ಮೇಲೆ ಸಮಯವಿತ್ತು, ಗುರುಗಳೇ. ಬ್ರೇಕ್ ಹಾಕಬಹುದಿತ್ತು. ನಾನು ಹಾರ್ನ್ ಒತ್ತಿ ಹಿಡಿದಿದ್ದೆ. ಬಿಡಲೇ ಇಲ್ಲ."

ಕುದ್ರುವಿನ ಕಟ್ಟೆಯಲ್ಲಿ ಚಂದಕ್ಕ ಇನ್ನೂ ನಿಂತೇ ಇದ್ದಳು. ಅವಳ ಹಿಂದೆ ಕೊಡ ಹಿಡಿದ ಇನ್ನಷ್ಟು ಜನ ಸೇರಿದ್ದರು.

"ಕಂಡಕ್ಟರು ಬಸ್ಸು ನಿಲ್ಲಿಸು ಎನ್ನುವುದಕ್ಕೆ ಹೋಲ್ಡಾನ್ ಎನ್ನುತ್ತಾರೆ. ಮೋನಪ್ಪ ಬಾಗಿಲಲ್ಲಿ ನಿಂತು ಎರಡು ಸಲ ಹೋಲ್ಡಾನ್ ಅಂದ. ಬಸ್ಸಿನ ತಗಡಿಗೆ ಬಡಿದ. ಹಾರ್ನ್ ಸದ್ದಿನಲ್ಲಿ ಕೇಳಿಸಲಿಲ್ಲ ಎಂದು ಕೋರ್ಟಿನಲ್ಲಿ ಹೇಳಿದೆ. ಅವನ ಹೆಂಡತಿಗೂ ಹಾಗೇ ಹೇಳಿದೆ." ಚಿದಂಬರ ಕಟ್ಟೆಯ ಕಡೆಗೆ ನೋಡಿದ. "ಕೇಳಿಸಿತ್ತು, ಗುರುಗಳೇ. ಎರಡೂ ಸಲ ಕೇಳಿಸಿತ್ತು."

ಗುರುಗಳು ಬಹಳ ಹೊತ್ತು ಅವನ ಮುಖವನ್ನು ನೋಡಿದರು.

ಆಮೇಲೆ ಎದ್ದರು. ಅಷ್ಟು ದಿನದಲ್ಲಿ ಮೊದಲ ಸಲ, ಚಿದಂಬರನಿಗೆ ಬೆನ್ನು ಹಾಕಿ, ಮುಂದಕ್ಕೆ ಮುಖ ಮಾಡಿ ಕುಳಿತರು. ಶಂಖವನ್ನು ಎಡಗೈಯಲ್ಲಿ ಹಿಂದಕ್ಕೆ ಅವನಿಗೆ ಚಾಚಿದರು.

"ನಾಳೆಯಿಂದ ಜನರನ್ನು ಹತ್ತಿಸಿಕೊ."